ಸರ್ವರ್ ಕೂರಿಸಿದರೆ ಸಾಲದು, ಕಾಯಬೇಕು

ಮೈಸೂರಿನ ಈಶಾನ್ಯದ ಅಂಚಿನಲ್ಲಿರುವ ಕೆಸರೆ ಹಿಂದೆ ಹಳ್ಳಿಯಾಗಿತ್ತು. ನಗರ ಬೆಳೆಯುತ್ತ ಬಂದು ಅದನ್ನು ತನ್ನೊಳಗೆ ಸೇರಿಸಿಕೊಂಡಿತು. ಅಲ್ಲೊಂದು ದಿನಸಿ ಸಗಟು ಮಳಿಗೆ ಇದೆಯೆಂದು ಇಟ್ಟುಕೊಳ್ಳಿ. ಬಿಲ್ ಮಾಡಲು ಎರಡು ಕಂಪ್ಯೂಟರ್, ಗೋದಾಮಿನಲ್ಲಿ ಒಂದು, ಲೆಕ್ಕ ಬರೆಯುವವರ ಮೇಜಿನ ಮೇಲೆ ಇನ್ನೊಂದು. ನಾಲ್ಕರಲ್ಲೂ ಬೇರೆ ಬೇರೆ ಪಟ್ಟಿ. ಗೋದಾಮಿನ ಪ್ರಕಾರ ಅಕ್ಕಿ 40 ಮೂಟೆ. ಬಿಲ್ ಕೌಂಟರಿನ ಪ್ರಕಾರ 30. ಬಾಗಿಲು ಹಾಕುವ ಹೊತ್ತಿಗೆ ದಿನವೂ ವಾಗ್ವಾದ.

ಈ ವಾಗ್ವಾದಕ್ಕೆ ಮದ್ದು ಸರ್ವರ್. ಎಲ್ಲರಿಗೂ ಒಂದೇ ಖಾತೆ ಪುಸ್ತಕವಿದ್ದು, ಅದನ್ನು ಒಬ್ಬ ನಂಬಿಗಸ್ತ ಗುಮಾಸ್ತ ಹಿಡಿದು ಕೂತು ಕೇಳಿದವರಿಗೆಲ್ಲ ತೋರಿಸುತ್ತಿದ್ದರೆ ಹೇಗೋ, ಹಾಗೆ. ಉಳಿದ ಕಂಪ್ಯೂಟರುಗಳು ಕೇಬಲ್ ಮೂಲಕ ಈ ಗುಮಾಸ್ತನನ್ನು ಕೇಳುತ್ತವೆ. ಅವನು ಹೇಳಿದ್ದೇ ಲೆಕ್ಕ.

ಪಹಣಿ ಕಲಿಸಿದ ಪಾಠ

ಕನ್ನಡ ನಾಡಿಗೆ ಇದು ಹೊಸ ವಿಚಾರವೇನಲ್ಲ. ಗ್ರಾಮಲೆಕ್ಕಿಗರ ಕೈಬರಹದಲ್ಲಿದ್ದ ಪಹಣಿಗಳನ್ನು ‘ಭೂಮಿ’ ಯೋಜನೆ ಈ ಶತಮಾನದ ಆರಂಭದಲ್ಲಿ ಕಂಪ್ಯೂಟರಿಗೆ ತಂದಿತು. 177 ತಾಲ್ಲೂಕುಗಳಲ್ಲಿ, ಸುಮಾರು 67 ಲಕ್ಷ ರೈತರಿಗೆ ಸೇರಿದ ಸುಮಾರು 2 ಕೋಟಿ ದಾಖಲೆ. ಆಗ 15 ರೂಪಾಯಿ ಕೊಟ್ಟರೆ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ ಪಹಣಿ ಸಿಗುತ್ತಿತ್ತು.

ಅದರಲ್ಲಿ ವಿದ್ಯಾರ್ಥಿಗಳು ಗಮನಿಸಬೇಕಾದ ಅಂಶವೊಂದಿದೆ. ತಿದ್ದುಪಡಿ ಮಾಡುವ ಸಿಬ್ಬಂದಿ ತಮ್ಮ ಬೆರಳಗುರುತು ಕೊಟ್ಟೇ ಒಳಹೋಗಬೇಕಿತ್ತು. ಪಾಸ್‌ವರ್ಡನ್ನು ಪಕ್ಕದವರಿಗೆ ಹೇಳಬಹುದು, ಬೆರಳನ್ನು ಕೊಡಲಾಗದು. ಯಾರು ತಿದ್ದಿದರೆಂಬುದು ಗೊತ್ತಾಗದ ದಾಖಲೆಯನ್ನು ಯಾರೂ ನಂಬಲಾರರು. ಮಳಿಗೆಗೂ ಇದೇ ನಿಯಮ: ಕೆಲಸಗಾರ ಒಬ್ಬೊಬ್ಬನಿಗೂ ಬೇರೆ ಹೆಸರು, ಬೇರೆ ಪಾಸ್‌ವರ್ಡ್, ಅವನ ಕೆಲಸಕ್ಕೆ ಬೇಕಾದಷ್ಟೇ ಅಧಿಕಾರ. ಗೋದಾಮಿನವರಿಗೆ ಸಂಬಳದ ಪಟ್ಟಿ ಕಾಣಬೇಕಾಗಿಲ್ಲ.

ಕೂರಿಸುವ ಬಗೆ

ಸರ್ವರಿಗೆ ಧೂಳು, ತೇವ, ಸೆಖೆ ಆಗದು. ಗಾಳಿಯಾಡುವ, ಬೀಗ ಹಾಕಬಹುದಾದ ಮೂಲೆ ಬೇಕು. ಯುಪಿಎಸ್ ಇರಲೇಬೇಕು. ಲೆಕ್ಕ ಬರೆಯುತ್ತಿರುವಾಗಲೇ ಕರೆಂಟು ಹೋದರೆ ಅರ್ಧ ಬರೆದ ಕಡತ ಕೆಡಬಹುದು. ಯುಪಿಎಸ್ಸಿಗೂ ಸರ್ವರಿಗೂ ತಂತಿ ಜೋಡಿಸಿದ್ದರೆ, ಬ್ಯಾಟರಿ ಮುಗಿಯುವ ಮುನ್ನ ಸರ್ವರ್ ತಾನಾಗಿಯೇ ಸರಿಯಾಗಿ ಬಾಗಿಲು ಹಾಕಿಕೊಳ್ಳುತ್ತದೆ.

ಎರಡು ಹಾರ್ಡ್ ಡಿಸ್ಕ್‌ಗಳನ್ನು ಜೋಡಿಯಾಗಿಟ್ಟು ಒಂದರಲ್ಲಿ ಬರೆದದ್ದನ್ನೆಲ್ಲ ಇನ್ನೊಂದರಲ್ಲೂ ಬರೆಸುವ ಪದ್ಧತಿಯುಂಟು. ಒಂದು ಕೆಟ್ಟರೂ ವ್ಯಾಪಾರ ನಿಲ್ಲದು. ಆದರೆ ‘ಎರಡಿವೆಯಲ್ಲ, ಇನ್ನೇನು ಭಯ?’ ಎಂದು ಸುಮ್ಮನಾಗುವವರು ಮೋಸಹೋಗುತ್ತಾರೆ. ಯಾರಾದರೂ ಕೈತಪ್ಪಿ ಕಡತ ಅಳಿಸಿದರೆ ಅದು ಎರಡರಲ್ಲೂ ಒಮ್ಮೆಗೇ ಅಳಿಯುತ್ತದೆ. ಜೋಡಿ ಡಿಸ್ಕ್ ಬೇರೆ, ಬ್ಯಾಕಪ್ ಬೇರೆ.

ಇಷ್ಟನ್ನೆಲ್ಲ ಮಾಡಲು ಒಂದೆರಡು ದಿನ ಸಾಕು. ನಿಜವಾದ ಉದ್ಯೋಗ ಶುರುವಾಗುವುದು ಆಮೇಲೆ.

ದಿನನಿತ್ಯದ ಕಾವಲು

2017ರ ಮೇ ತಿಂಗಳಲ್ಲಿ ‘ವನ್ನಾಕ್ರೈ’ ಎಂಬ ದುಷ್ಟ ತಂತ್ರಾಂಶ ಸುಮಾರು 150 ದೇಶಗಳ ಕಂಪ್ಯೂಟರುಗಳಿಗೆ ಹಬ್ಬಿ, ಕಡತಗಳಿಗೆ ಬೀಗ ಜಡಿದು ಹಣ ಕೇಳಿತು. ವಿಂಡೋಸ್ ಕಂಪ್ಯೂಟರುಗಳು ಪರಸ್ಪರ ಕಡತ ಹಂಚಿಕೊಳ್ಳುವ ವ್ಯವಸ್ಥೆಯಲ್ಲಿದ್ದ ದೋಷವೇ ಅದರ ಹೆಬ್ಬಾಗಿಲು. ಆ ದೋಷಕ್ಕೆ ಮೈಕ್ರೋಸಾಫ್ಟ್ ಮಾರ್ಚಿಯಲ್ಲಿಯೇ ತೇಪೆ ಒದಗಿಸಿತ್ತು. ಎರಡು ತಿಂಗಳಾದರೂ ಅದನ್ನು ಹಾಕಿಕೊಳ್ಳದವರು ಬೆಲೆ ತೆತ್ತರು.

ದೊಡ್ಡವರೂ ಎಡವುತ್ತಾರೆ. 2017ರ ಜನವರಿ 31ರ ರಾತ್ರಿ ‘ಗಿಟ್‌ಲ್ಯಾಬ್’ ಸಂಸ್ಥೆಯ ತಂತ್ರಜ್ಞರೊಬ್ಬರು ಒಂದು ಸರ್ವರೆಂದುಕೊಂಡು ಇನ್ನೊಂದರ ಮಾಹಿತಿಯನ್ನು ಅಳಿಸಿದರು. ಅಲ್ಲಿ ಐದು ಬಗೆಯ ಬ್ಯಾಕಪ್ ವ್ಯವಸ್ಥೆಯಿತ್ತು. ತುರ್ತಿಗೆ ನೋಡಿದರೆ ಒಂದೂ ನೆಚ್ಚುವಂತಿರಲಿಲ್ಲ. ಸುಮಾರು ಆರು ಗಂಟೆ ಮೊದಲು ಬೇರಾವುದೋ ಕೆಲಸಕ್ಕೆಂದು ತೆಗೆದಿಟ್ಟಿದ್ದ ಪ್ರತಿಯೊಂದು ಮಾನ ಉಳಿಸಿತು. ಆ ಆರು ಗಂಟೆಗಳ ಮಾಹಿತಿ ಮಾತ್ರ ಹೋದದ್ದು ಹೋಯಿತು.

ಬಲ್ಲವರು ಹೇಳುವ ಸೂತ್ರ ಸರಳ: ಒಟ್ಟು ಮೂರು ಪ್ರತಿ, ಎರಡು ಬೇರೆ ಬಗೆಯ ಸಾಧನಗಳಲ್ಲಿ, ಅವುಗಳಲ್ಲೊಂದು ಬೇರೆ ಕಟ್ಟಡದಲ್ಲಿ. ತಿಂಗಳಿಗೊಮ್ಮೆಯಾದರೂ ಆ ಪ್ರತಿಯಿಂದ ಕಡತವನ್ನು ಮರಳಿ ತೆಗೆದು ನೋಡಬೇಕು. ಹಾಗೆ ತೆಗೆದು ನೋಡದ ಬ್ಯಾಕಪ್ಪು ಬೀಗದ ಕೈ ಕಳೆದ ತಿಜೋರಿಯಿದ್ದಂತೆ.

ಕಾನೂನೂ ಈಗ ಇದನ್ನೇ ಕೇಳುತ್ತದೆ. ಕಂಪೆನಿಗಳು ಲೆಕ್ಕಪತ್ರಗಳನ್ನು ಕಂಪ್ಯೂಟರಿನಲ್ಲಿಟ್ಟರೆ ಭಾರತದಲ್ಲಿರುವ ಸರ್ವರಿನಲ್ಲಿ ಪ್ರತಿದಿನ ಬ್ಯಾಕಪ್ ಇರಬೇಕೆಂದು 2022ರಲ್ಲಿ ನಿಯಮ ಬಿಗಿಯಾಯಿತು. ಅದೇ ವರ್ಷ ಏಪ್ರಿಲ್‌ನಲ್ಲಿ ಸರ್ಟ್-ಇನ್ ಸಂಸ್ಥೆ, ಸೈಬರ್ ದಾಳಿ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕೆಂದೂ ಸರ್ವರಿನ ದಿನಚರಿಯನ್ನು 180 ದಿನ ಕಾದಿಡಬೇಕೆಂದೂ ಆದೇಶಿಸಿತು.

ಕಲಿಯುವುದು ಹೇಗೆ?

ಎಸ್ಸೆಸ್ಸೆಲ್ಸಿ ಆದವರಿಗೆ ಐಟಿಐಗಳಲ್ಲಿ ಕಂಪ್ಯೂಟರ್ ಹಾರ್ಡ್‌ವೇರ್ ಮತ್ತು ನೆಟ್‌ವರ್ಕ್ ನಿರ್ವಹಣೆಯ ತರಬೇತಿ ಇದೆ. ಪಾಲಿಟೆಕ್ನಿಕ್‌ನ ಮೂರು ವರ್ಷದ ಡಿಪ್ಲೊಮಾ, ಬಿಸಿಎ, ಎಂಜಿನಿಯರಿಂಗ್ ಇನ್ನುಳಿದ ದಾರಿಗಳು. ಆದರೆ ಈ ವಿದ್ಯೆ ಈಜಿನಂತೆ, ನೀರಿಗಿಳಿಯದೆ ಬಾರದು. ಮನೆಯಲ್ಲಿ ಮೂಲೆ ಸೇರಿದ ಹಳೆಯ ಕಂಪ್ಯೂಟರಿದ್ದರೆ ಹೊರತೆಗೆಯಿರಿ. ಉಚಿತವಾಗಿ ಸಿಗುವ ಲಿನಕ್ಸ್ ಹಾಕಿ, ಕಡತ ಹಂಚುವ ‘ಸಾಂಬಾ’ ತಂತ್ರಾಂಶ ಜೋಡಿಸಿ, ಅಪ್ಪ, ಅಮ್ಮ, ತಂಗಿಗೆ ಬೇರೆ ಬೇರೆ ಅಧಿಕಾರ ಕೊಡಿ. ಬ್ಯಾಕಪ್ ತೆಗೆಯಿರಿ. ಅನಂತರ ಬೇಕೆಂದೇ ಎಲ್ಲವನ್ನೂ ಅಳಿಸಿ ಮರಳಿ ಕಟ್ಟಿ. 1991ರಲ್ಲಿ ಲಿನಕ್ಸ್ ಆರಂಭಿಸಿದ ಲಿನಸ್ ಟೊರ್ವಾಲ್ಡ್ಸ್ ಆಗ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ.

ಎಲ್ಲವೂ ‘ಕ್ಲೌಡ್’ಗೆ ಹೋದರೆ ಈ ಕೆಲಸ ಉಳಿದೀತೇ ಎಂದು ಪಾಲಕರು ಕೇಳುವುದುಂಟು. ಕ್ಲೌಡ್ ಎಂದರೆ ಬಾಡಿಗೆಗೆ ಪಡೆದ, ದೂರದಲ್ಲಿರುವ ಸರ್ವರ್. ಯಂತ್ರದ ಧೂಳು ಒರೆಸುವ ಕೆಲಸ ತಪ್ಪುತ್ತದೆ; ಯಾರಿಗೆ ಯಾವ ಅಧಿಕಾರ, ಬ್ಯಾಕಪ್ ಎಲ್ಲಿ ಎಂಬ ಹೊಣೆ ತಪ್ಪುವುದಿಲ್ಲ.

ಇನ್ನೊಂದು ಮಾತು ಪಾಲಕರಿಗೇ. ಸರ್ವರ್ ಕಾಯುವವರ ಕಣ್ಣಿಗೆ ಮಾಲೀಕರ ಲಾಭ, ಸಾಲ, ಎಲ್ಲರ ಸಂಬಳವೂ ಬೀಳುತ್ತದೆ. ಬಾಯಿ ಬಿಗಿಹಿಡಿಯುವ ಗುಣ ಅವರಿಗಿರಬೇಕು. ಮುಖ್ಯ ಪಾಸ್‌ವರ್ಡಿನ ಪ್ರತಿಯನ್ನು ಮೊಹರು ಹಾಕಿದ ಲಕೋಟೆಯಲ್ಲಿ ಮಾಲೀಕರಿಗೆ ಒಪ್ಪಿಸಿರಬೇಕು. ಕೆಲಸ ಬಿಡುವ ದಿನ ಕೀಲಿಕೈ ಅವರೊಂದಿಗೇ ಹೊರಟುಹೋಗಬಾರದು. ಈ ಶಿಸ್ತನ್ನು ಯಾವ ಕೋರ್ಸೂ ಪೂರ್ತಿ ಕಲಿಸಲಾರದು. ಅದು ಮನೆಯಿಂದಲೇ ಬರಬೇಕು.