ಟ್ರ್ಯಾಕ್ ಪಟ್ಟಿಯ ಮಹಿಮೆ: ನಂಬಿಕೆಯೂ ನಿಜವೂ

ರೊಬಾಟ್ ಕಟ್ಟುವ ಹವ್ಯಾಸವುಳ್ಳ ಹುಡುಗರಲ್ಲಿಯೂ, ಅವರಿಗಿಂತ ಹೆಚ್ಚಾಗಿ ಅವರಿಗೆ ಕಿಟ್ ಕೊಡಿಸುವ ಹಿರಿಯರಲ್ಲಿಯೂ, ಒಂದು ನಂಬಿಕೆ ವೇದವಾಕ್ಯದಂತೆ ನೆಲೆನಿಂತಿದೆ: ಗಾಲಿಗೆ ಬದಲಾಗಿ ಯುದ್ಧಟ್ಯಾಂಕಿನಂತೆ ಟ್ರ್ಯಾಕ್ ಪಟ್ಟಿ ಸುತ್ತಿದ ಚಾಸಿಯೊಂದನ್ನು ಕೊಂಡುಬಿಟ್ಟರೆ ಅದು ಕೆಸರು, ಕಲ್ಲು, ಮೆಟ್ಟಿಲುಗಳೆಂಬ ಭೇದವಿಲ್ಲದೆ ಎಲ್ಲೆಡೆಯೂ ಸಂಚರಿಸುವುದೆಂದು. ಪೆಟ್ಟಿಗೆಯ ಮೇಲಿನ ಚಿತ್ರವೂ ಅದನ್ನೇ ಸಾರುತ್ತದೆ. ಆ ಚಿತ್ರವನ್ನು ಬರೆದ ಮಹಾನುಭಾವನಿಗೆ ಹಾಲಹರವಿಯಂಥ ಊರಿನ ಎರೆಹೊಲದ ಪರಿಚಯವಿರಲಾರದು.

ಪಟ್ಟಿ ಹುಟ್ಟಿದ ಕಾರಣವನ್ನು ನೆನೆದರೆ ಈ ಭ್ರಮೆಯ ಅರ್ಧಭಾಗ ತಾನಾಗಿ ಕರಗುವುದು. ಕ್ಯಾಲಿಫೋರ್ನಿಯಾದ ಸ್ಟಾಕ್‌ಟನ್ ಸುತ್ತಣ ಜೌಗುನೆಲದಲ್ಲಿ ಉಗಿಯ ಟ್ರ್ಯಾಕ್ಟರುಗಳು ಹೂತುಹೋಗುತ್ತಿದ್ದುದನ್ನು ಕಂಡು ಬೆಂಜಮಿನ್ ಹೋಲ್ಟನು 1904ರಲ್ಲಿ ಹಿಂಗಾಲಿಗಳನ್ನು ಕಿತ್ತು ಪಟ್ಟಿಯನ್ನು ಅಳವಡಿಸಿದ್ದು, ಟನ್ನುಗಟ್ಟಲೆ ಭಾರವನ್ನು ವಿಶಾಲವಾದ ನೆಲಕ್ಕೆ ಹಂಚಿಕೊಡುವುದಕ್ಕಾಗಿ. ಸಿಂಧನೂರು, ಗಂಗಾವತಿಗಳ ಗದ್ದೆ ಹಸಿಯಾಗಿರುವಾಗ ರೈತರು ಗಾಲಿಯ ಕೊಯ್ಲುಯಂತ್ರವನ್ನು ಬಿಟ್ಟು ಪಟ್ಟಿಯುಳ್ಳ ಚೈನ್ ಮಷಿನ್ನನ್ನು ಕರೆಸುವುದೂ ಅದೇ ಕಾರಣಕ್ಕೆ. ಮತ್ತು ಕೊಯ್ಲು ಮುಗಿದ ಮೇಲೆ ಆ ಯಂತ್ರವು ಡಾಂಬರಿನ ಮೇಲೆ ಪಟ್ಟಿಯನ್ನು ಸವೆಸಿಕೊಳ್ಳದೆ ಲಾರಿಯನ್ನೇರಿ ಮುಂದಿನ ಊರಿಗೆ ಹೋಗುವುದನ್ನು ಕಂಡವರಿಗೆ ಪಟ್ಟಿಗೂ ಒಂದು ಮಿತಿಯುಂಟೆಂದು ಬೇರೆ ಹೇಳಬೇಕಾಗಿಲ್ಲ.

ಈಗ ಆಟದ ಚಾಸಿಯ ಲೆಕ್ಕ. ಅದರ ತೂಕ ಒಂದು ಕಿಲೋಗ್ರಾಂ ಎನ್ನೋಣ; ನೆಲವನ್ನು ಮುಟ್ಟುವ ಎರಡು ಪಟ್ಟಿಗಳಲ್ಲಿ ಒಂದೊಂದೂ 15 ಸೆಂಟಿಮೀಟರ್ ಉದ್ದ, 4 ಸೆಂಟಿಮೀಟರ್ ಅಗಲವಾದರೆ ಚದರ ಸೆಂಟಿಮೀಟರಿಗೆ ಬೀಳುವ ಭಾರ ಸುಮಾರು 8 ಗ್ರಾಂ. ಅದೇ ಚಾಸಿಗೆ ನಾಲ್ಕು ಗಾಲಿಗಳಿದ್ದು ಒಂದೊಂದೂ 2 ಚದರ ಸೆಂಟಿಮೀಟರ್ ನೆಲ ಮುಟ್ಟಿದರೆ 125 ಗ್ರಾಂ. ಬರಿಗಾಲಿನಲ್ಲಿ ನಿಂತ 60 ಕಿಲೋ ತೂಕದ ಮನುಷ್ಯನೋ, ಎರಡು ಪಾದಗಳಿಗೆ 300 ಚದರ ಸೆಂಟಿಮೀಟರ್ ಎಂದಿಟ್ಟುಕೊಂಡರೂ, 200 ಗ್ರಾಂ ಭಾರ ಹಾಕುತ್ತಾನೆ. ಆದುದರಿಂದ ಯಜಮಾನನು ಹೂಳದ ನೆಲದಲ್ಲಿ ಅವನ ರೊಬಾಟು ಗಾಲಿಯ ಮೇಲೆಯೇ ಹೂಳದೆ ಹೋಗಬಲ್ಲದು. ಪಟ್ಟಿಯು ನಿವಾರಿಸಲು ಬಂದ ಕಷ್ಟವೇ ಅದಕ್ಕಿಲ್ಲ. ಅದಕ್ಕಿರುವ ಕಷ್ಟ ಗಾತ್ರದ್ದು. ಬೇಸಿಗೆಯಲ್ಲಿ ಎರೆನೆಲ ಬಿರಿದಾಗ, ಭಾರಕೇಂದ್ರವು ನಟ್ಟನಡುವಿದ್ದರೂ ಪಟ್ಟಿಯ ಅರ್ಧದಷ್ಟು, ಎಂದರೆ 7 ಸೆಂಟಿಮೀಟರಿನಷ್ಟು ಅಗಲದ ಬಿರುಕನ್ನು ಮಾತ್ರ ಅದು ದಾಟೀತು. ಮುಂದಿನ ಚಕ್ರಕ್ಕಿಂತ ಎತ್ತರವಾದ ಹೆಂಟೆಯಾಗಲಿ ಮೆಟ್ಟಿಲಾಗಲಿ ಅದರ ಪಾಲಿಗೆ ಗೋಡೆ.

ಮಳೆ ಬಿದ್ದರೆ ಅವಸ್ಥೆ ಇನ್ನೂ ಕೆಟ್ಟದ್ದು. ನೀರು ಕುಡಿದು ಹಿಗ್ಗುವ ಈ ಎರೆಮಣ್ಣು ಕೊಂಡಿ ಕೊಂಡಿಗಳ ನಡುವೆಯೂ ಸ್ಪ್ರಾಕೆಟ್ಟಿನ ಹಲ್ಲುಗಳಲ್ಲಿಯೂ ಮೆತ್ತಿಕೊಂಡು ಪಟ್ಟಿಯನ್ನು ಬಿಗಿಯುತ್ತದೆ. ಮೋಟಾರು ನಿಂತು ಬಿಸಿಯಾಗುತ್ತದೆ, ಇಲ್ಲವೇ ಪಟ್ಟಿಯೇ ಕಳಚಿ ಬೀಳುತ್ತದೆ. ನೇರ ಹೋಗುವಾಗ ಉಳಿದುಕೊಂಡರೂ ತಿರುಗುವಾಗ ಉಳಿಯುವುದು ಕಷ್ಟ, ಏಕೆಂದರೆ ಪಟ್ಟಿಯ ಬಂಡಿಗೆ ಹೊರಳುವ ಗಾಲಿಯಿಲ್ಲ; ಎರಡು ಬದಿಗಳ ವೇಗವನ್ನು ಬೇರೆ ಬೇರೆ ಮಾಡಿ ಇಡೀ ಪಟ್ಟಿಯನ್ನು ಅಡ್ಡಡ್ಡಲಾಗಿ ನೆಲಕ್ಕೆ ಉಜ್ಜುತ್ತಲೇ ಅದು ತಿರುಗಬೇಕು. ಬ್ಯಾಟರಿ ಬರಿದಾಗುವುದೂ, ಚಕ್ರದ ಸುತ್ತುಗಳನ್ನೆಣಿಸಿ ದಿಕ್ಕು ತಿಳಿಯುವ ಲೆಕ್ಕ ತಪ್ಪುವುದೂ ಇಲ್ಲಿಯೇ.

ಪಟ್ಟಿಯೇ ಸರ್ವಶ್ರೇಷ್ಠವಾಗಿದ್ದರೆ 2023ರಲ್ಲಿ ಚಂದ್ರನ ಧೂಳಿನಲ್ಲಿ ಓಡಾಡಿದ 26 ಕಿಲೋಗ್ರಾಂ ತೂಕದ ಪ್ರಜ್ಞಾನ ರೋವರಿಗೆ ಇಸ್ರೋದ ವಿಜ್ಞಾನಿಗಳು ಆರು ಗಾಲಿಗಳನ್ನೇಕೆ ಇಟ್ಟರು? ಹಾಗೆಂದು ಪಟ್ಟಿ ನಿಷ್ಪ್ರಯೋಜಕವೆಂದಲ್ಲ. ಹಗರಿ ನದಿಯ ಒಣಮರಳಿನಲ್ಲಿ, ಸಣ್ಣ ಜಲ್ಲಿಯಲ್ಲಿ, ಹುಲ್ಲಿನಲ್ಲಿ ಅದರ ಹಿಡಿತ ನಿಜವಾಗಿಯೂ ಮೇಲು. 2011ರಲ್ಲಿ ಫುಕುಶಿಮಾದ ಅಣುಸ್ಥಾವರದ ಮೆಟ್ಟಿಲುಗಳನ್ನೇರಿದ ಜಪಾನಿನ ಕ್ವಿನ್ಸ್ ರೊಬಾಟು ಪಟ್ಟಿಯದೇ. ಆದರೆ ಮೇಲೇರಲು ಅದಕ್ಕೆ ನಾಲ್ಕು ಮೂಲೆಗಳಲ್ಲಿ ಪ್ರತ್ಯೇಕ ತೋಳುಗಳಿದ್ದವು, ಮತ್ತು ಕೊನೆಗೆ ಅದನ್ನು ಒಳಗೇ ಕೆಡವಿದ್ದು ನೆಲವಲ್ಲ, ಅದರ ಸಂಪರ್ಕದ ಕೇಬಲ್.

ಉಳಿದ ನಂಬಿಕೆಗಳಿಗೆ ಒಂದೆರಡು ವಾಕ್ಯ ಸಾಕು. ಒಂಬತ್ತು ವೋಲ್ಟಿನ ಚೌಕ ಬ್ಯಾಟರಿ ಮೋಟಾರುಗಳಿಗೆ ಸಾಲದು. ವೋಲ್ಟ್ ಹೆಚ್ಚೆಂಬುದು ನಿಜ, ಅದು ಸತತವಾಗಿ ಕೊಡಬಲ್ಲ ಕರೆಂಟು ಅಲ್ಪ. ಆರ್ಡುಯಿನೋ ಬೋರ್ಡಿನ ಪಿನ್ನಿಗೆ ಮೋಟಾರನ್ನು ನೇರವಾಗಿ ಜೋಡಿಸಿದವನು ಬೋರ್ಡಿಗೆ ತಿಲಾಂಜಲಿಯಿಟ್ಟಂತೆ. ವೇಗದ ಮೋಟಾರು ಬಲದ ಮೋಟಾರಲ್ಲ. ಬಲ ಬರುವುದು ಗೇರಿನಿಂದ, ವೇಗವನ್ನು ತೆತ್ತು. ಲೋಹದ ಪಟ್ಟಿ ಗಟ್ಟಿಯೇನೋ ಹೌದು, ಆದರೆ ನುಣುಪು ನೆಲದಲ್ಲಿ ರಬ್ಬರಿನಷ್ಟು ಹಿಡಿಯದು. ಇನ್ನು ಚಾಸಿಯನ್ನೇ ರೊಬಾಟೆನ್ನುವವರಿಗೆ ನಾನೇನನ್ನೂ ಹೇಳಲಾರೆ.

ನನ್ನ ಬೇಸರ ಪಟ್ಟಿಯ ಮೇಲಿನದಲ್ಲ. ಚಿತ್ರವನ್ನು ಪ್ರಮಾಣವೆಂದು ಒಪ್ಪುವ ಬುದ್ಧಿಯ ಮೇಲಿನದು. ಕೊಳವೆಬಾವಿಗೆ ತೆಂಗಿನಕಾಯಿ ಹಿಡಿದು ಜಾಗ ತೋರುವವನನ್ನು ಮೂಢನೆಂದು ನಗುವ ವಿದ್ಯಾವಂತನೇ, ಅಂಗಡಿಯವನು 'ಹೆವಿ ಡ್ಯೂಟಿ' ಎಂದರೆ ಟಾರ್ಕ್ ಎಷ್ಟೆಂದು ಕೇಳದೆ ಹಣ ಎಣಿಸುತ್ತಾನೆ. 2016ರಲ್ಲಿ ಮೊದಲಾದ ಕೇಂದ್ರ ಸರ್ಕಾರದ ಅಟಲ್ ಇನೊವೇಶನ್ ಮಿಷನ್ ಶಾಲೆಯೊಂದರ ಟಿಂಕರಿಂಗ್ ಲ್ಯಾಬಿಗೆ 20 ಲಕ್ಷ ರೂಪಾಯಿಯವರೆಗೆ ಅನುದಾನ ಕೊಟ್ಟಿದೆ. ಅಂಥ ಲ್ಯಾಬಿನ ಮೇಜಿನ ಮೇಲೆ ಚಾಸಿ ಕಿಟ್ಟಿಗಿಂತ ಮೊದಲು ಬರಬೇಕಾದವು ಒಂದು ಸ್ಪ್ರಿಂಗ್ ತಕ್ಕಡಿ, ಒಂದು ಮಲ್ಟಿಮೀಟರು, ಎತ್ತಿ ಇಳಿಸಬಹುದಾದ ಒಂದು ಹಲಗೆ. ಯಂತ್ರ ಎಷ್ಟು ಎಳೆಯಬಲ್ಲುದು, ಎಷ್ಟು ಕರೆಂಟು ನುಂಗುವುದು, ಎಷ್ಟು ಇಳಿಜಾರಿನಲ್ಲಿ ಜಾರುವುದು ಎಂಬ ಮೂರು ಅಂಕಿಗಳನ್ನು ತಾನೇ ಅಳೆದು ಬರೆದುಕೊಂಡ ಹುಡುಗನ ಮುಂದೆ ಯಾವ ಪೆಟ್ಟಿಗೆಯ ಚಿತ್ರದ ಆಟವೂ ನಡೆಯದು.