ದೀಪದ ಬೆಳಕಿನ ಬೆಳೆಯೂ ವಿದ್ಯುಚ್ಛಕ್ತಿಯ ಮಿತಿಯೂ

ಗಿಡವು ಸೂರ್ಯನ ಶಿಶುವೆಂದು ಮಕ್ಕಳಿಗೆ ಮೂವತ್ತು ವರ್ಷ ಪಾಠ ಹೇಳಿದವನು ನಾನು. ಬಿಸಿಲಿನ ಮುಖವನ್ನೇ ಕಾಣದೆ ಹುಟ್ಟಿ, ಬೆಳೆದು, ಹೂಬಿಟ್ಟು, ಕೊಯ್ಲಾಗುವ ಬೆಳೆಯೊಂದು ಉಂಟೆಂದು ಯಾರಾದರೂ ಆಗ ಹೇಳಿದ್ದರೆ ನಕ್ಕುಬಿಡುತ್ತಿದ್ದೆನು. ಅಂಥ ಬೆಳೆಯು ಈಗ ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ ಮುಚ್ಚಿದ ಕೋಣೆಗಳೊಳಗೆ ಹೇರಳವಾಗಿ ಬೆಳೆಯುತ್ತಿರುವುದು. ಅದು ನಮಗೆ ಅಪರಿಚಿತವಾದುದಲ್ಲ. ಅಥರ್ವವೇದದಲ್ಲಿ ಭಂಗವೆಂದೂ, ವೈದ್ಯಗ್ರಂಥಗಳಲ್ಲಿ ವಿಜಯೆಯೆಂದೂ ಹೆಸರುಗೊಂಡ ಗಾಂಜಾ ಗಿಡವೇ ಅದು. ನಮ್ಮ ದೇಶದಲ್ಲಿ 1985ರ ಮಾದಕದ್ರವ್ಯಗಳ ಕಾನೂನಿನಂತೆ ಅನುಮತಿಯಿಲ್ಲದೆ ಅದನ್ನು ಬೆಳೆಯುವುದು ಅಪರಾಧವು. ಅದರ ಗುಣದೋಷಗಳ ಚರ್ಚೆಯನ್ನು ಇಲ್ಲಿ ಎತ್ತುವುದಿಲ್ಲ. ಅದು ನುಂಗುವ ವಿದ್ಯುಚ್ಛಕ್ತಿಗೆ ಮಿತಿ ಹಾಕಲು ಅಲ್ಲಿನವರು ಮಾಡಿದ ಪ್ರಯತ್ನವನ್ನು ಮಾತ್ರ ಹೇಳುವೆನು. ಮನೆಯ ದೀಪದ ಲೆಕ್ಕವಿಡುವ ಗೃಹಸ್ಥರು ಅರಿಯತಕ್ಕ ಸಂಗತಿ ಇದರಲ್ಲಿ ಉಂಟು.

ಗಿಡವು ಒಳಕ್ಕೆ ಬಂದುದೇಕೆ? ನಿಷೇಧದ ಕಾಲದಲ್ಲಿ ಪೊಲೀಸರ ಕಣ್ಣಿಗೆ ಬೀಳಬಾರದೆಂದು. ಕೊಲೊರಾಡೊ ಸಂಸ್ಥಾನವು 2012ರ ಮತದಾನದಿಂದ ನಿಷೇಧವನ್ನು ತೆಗೆದುಹಾಕಿತು. ಬೇರೆ ಸಂಸ್ಥಾನಗಳೂ ಹಾಗೆಯೇ ಮಾಡಿದುವು. ಆದರೂ ಬೆಳೆಯ ದೊಡ್ಡದೊಂದು ಪಾಲು ಒಳಗೇ ಉಳಿಯಿತು. ಕಳ್ಳರ ಭಯವೊಂದು, ವರ್ಷಕ್ಕೆ ಹಲವು ಕೊಯ್ಲುಗಳ ಆಸೆಯೊಂದು. ಮೂರನೆಯದು ಇನ್ನೂ ವಿಚಿತ್ರವಾದುದು. ಒಕ್ಕೂಟದ ಕಾನೂನಿನಂತೆ ಈ ಸರಕನ್ನು ಒಂದು ಸಂಸ್ಥಾನದಿಂದ ಮತ್ತೊಂದಕ್ಕೆ ಸಾಗಿಸುವಂತಿಲ್ಲ. ಹೀಗಾಗಿ ಹಿಮ ಬೀಳುವ ಸಂಸ್ಥಾನವೂ ತನಗೆ ಬೇಕಾದುದನ್ನು ತಾನೇ ದೀಪದ ಕೆಳಗೆ ಬೆಳೆದುಕೊಳ್ಳಬೇಕಾಯಿತು.

ಲೆಕ್ಕವನ್ನು ನೋಡೋಣ. ಹಳೆಯ ಬಗೆಯ ಸೋಡಿಯಂ ದೀಪವೊಂದಕ್ಕೆ 1,000 ವಾಟ್ ಬೇಕು. ಹೂಬಿಡುವ ಕಾಲದಲ್ಲಿ ಅದು ದಿನಕ್ಕೆ 12 ಗಂಟೆ ಉರಿಯುವುದರಿಂದ 12 ಯೂನಿಟ್ಟು, ತಿಂಗಳಿಗೆ 360. ನಮ್ಮ ಕರ್ನಾಟಕದಲ್ಲಿ 2023ರಲ್ಲಿ ಆರಂಭವಾದ ಗೃಹಜ್ಯೋತಿ ಯೋಜನೆಯು ಇಡೀ ಸಂಸಾರಕ್ಕೆ ಇಟ್ಟ ಮೇರೆಯೇ 200 ಯೂನಿಟ್ಟು! ದೀಪದೊಡನೆ ವೆಚ್ಚವು ಮುಗಿಯುವುದೂ ಇಲ್ಲ. ದೀಪದ ಶಾಖವನ್ನು ಹೊರದೂಡಲು ತಂಪುಯಂತ್ರ, ಎಲೆಗಳು ಉಸಿರಾಡಿ ಬಿಟ್ಟ ತೇವವನ್ನು ಹೀರಲು ಮತ್ತೊಂದು ಯಂತ್ರ. ಆ ದೇಶದ ಒಟ್ಟು ವಿದ್ಯುತ್ತಿನಲ್ಲಿ ನೂರಕ್ಕೆ ಒಂದು ಪಾಲು ಈ ಬೆಳೆಗೆ ಹೋಗುತ್ತದೆಂದು ಇವಾನ್ ಮಿಲ್ಸ್ ಎಂಬ ವಿಜ್ಞಾನಿಯು 2012ರಲ್ಲಿ ಅಂದಾಜು ಮಾಡಿದನು. ಒಣಗಿದ ಒಂದು ಕಿಲೋ ಹೂವಿಗೆ, ಊರಿಂದೂರಿಗೆ ವ್ಯತ್ಯಾಸವಾಗಿ, 2,283ರಿಂದ 5,184 ಕಿಲೋಗಳಷ್ಟು ಇಂಗಾಲಾಮ್ಲಕ್ಕೆ ಸಮನಾದ ಅನಿಲಗಳು ಗಾಳಿಗೆ ಸೇರುವುವೆಂದು ಕೊಲೊರಾಡೊ ಸ್ಟೇಟ್ ವಿಶ್ವವಿದ್ಯಾಲಯದವರು 2021ರಲ್ಲಿ ಗಣಿಸಿದರು.

ಮೊದಲು ಎಚ್ಚೆತ್ತ ಊರುಗಳಲ್ಲಿ ಕ್ಯಾಲಿಫೋರ್ನಿಯದ ಆರ್ಕೇಟವೂ ಒಂದು. ಸಂಸಾರಸ್ಥರಿಗೂ ವಿದ್ಯಾರ್ಥಿಗಳಿಗೂ ಬಾಡಿಗೆಗೆ ದೊರೆಯಬೇಕಾದ ಮನೆಗಳು ಅಲ್ಲಿ ಬೆಳೆಯ ಕೋಣೆಗಳಾಗಿಹೋಗಿದ್ದುವು. ತಂತಿಗಳ ಮೇಲೆ ಭಾರ ಹೆಚ್ಚಿ ಬೆಂಕಿಯ ಭಯವೂ ಇತ್ತು. 2012ರ ನವೆಂಬರಿನಲ್ಲಿ ಊರಿನವರೇ ಮತವಿತ್ತು ಒಂದು ಕಟ್ಟಳೆ ಮಾಡಿಕೊಂಡರು. ಮನೆಗೆ ಗೊತ್ತುಮಾಡಿದ ಮೂಲ ಪ್ರಮಾಣದ ಆರು ಪಾಲನ್ನು ಮೀರಿ ವಿದ್ಯುತ್ತನ್ನು ಬಳಸಿದವನು ನೂರಕ್ಕೆ 45ರಂತೆ ತೆರಿಗೆ ತೆರತಕ್ಕದ್ದು. ಬೊಕ್ಕಸವನ್ನು ತುಂಬುವುದಕ್ಕಿಂತ ಮನೆಗಳನ್ನು ಮನುಷ್ಯರಿಗೆ ಬಿಡಿಸಿಕೊಳ್ಳುವುದೇ ಇದರ ಉದ್ದೇಶವಾಗಿತ್ತು.

ಮ್ಯಾಸಚೂಸೆಟ್ಸಿನವರು ಬೇರೊಂದು ದಾರಿ ಹಿಡಿದರು. ಅಲ್ಲಿ ದೊಡ್ಡ ಬೆಳೆಗಾರನು ಗಿಡಗಳು ಹರಡಿದ ಒಂದು ಚದರಡಿಗೆ 36 ವಾಟ್‌ಗಿಂತ ಹೆಚ್ಚು ದೀಪವನ್ನು ಇಡಕೂಡದೆಂದೂ, ಸಣ್ಣವನಿಗೆ 50ರ ವರೆಗೆ ರಿಯಾಯಿತಿಯೆಂದೂ ನಿಯಮವಾಯಿತು. ಇಲಿನಾಯ್ ಸಂಸ್ಥಾನವೂ 2019ರ ಕಾನೂನಿನಲ್ಲಿ 36 ವಾಟ್‌ನ ಅಳತೆಯನ್ನೇ ಬರೆಯಿತು. ಕೊಲೊರಾಡೊದ ಬೋಲ್ಡರ್ ಕೌಂಟಿಯಾದರೋ, ಸೂರ್ಯಶಕ್ತಿಯಂಥ ಅಕ್ಷಯ ಮೂಲದಿಂದ ಸರಿದೂಗಿಸದ ಬೆಳೆಗಾರನ ಮೇಲೆ ಯೂನಿಟ್ಟಿಗೆ 2.16 ಸೆಂಟಿನ ಶುಲ್ಕವನ್ನು ಹೊರಿಸಿತು.

ಈ ಮಿತಿಗಳಿಂದ ಪ್ರಯೋಜನವಾಗದೆ ಇಲ್ಲ. ಬೆಳೆಗಾರರು ಸೋಡಿಯಂ ದೀಪವನ್ನು ಬಿಟ್ಟು ಎಲ್‌ಇಡಿಗೆ ತಿರುಗಲು ಇವು ಪ್ರೇರಣೆಯಾದುವು. ಆದರೆ ವಾಟ್‌ನ ಅಳತೆಯು ದೀಪವನ್ನು ಮಾತ್ರ ಹಿಡಿಯುತ್ತದೆ, ತಂಪುಯಂತ್ರವನ್ನು ಹಿಡಿಯದು. 36 ವಾಟ್‌ನ ನಿಯಮವನ್ನು ಪಾಲಿಸಿದ ಹತ್ತಡಿ ಚೌಕದ ಕೋಣೆಯೂ 12 ಗಂಟೆಗಳಲ್ಲಿ 43 ಯೂನಿಟ್ಟುಗಳನ್ನು ದೀಪಕ್ಕೇ ಸುಡಬಲ್ಲುದು. ಊರೊಳಗೆ ಬಿಗಿಮಾಡಿದರೆ ಕಾಡನ್ನು ಸೇರುವವರೂ ಉಂಟು. ಆರ್ಕೇಟದ ಸುತ್ತಣ ಹಂಬೋಲ್ಟ್ ಸೀಮೆಯಲ್ಲಿ ಡೀಸೆಲ್ ಯಂತ್ರವಿಟ್ಟು ದೀಪ ಉರಿಸಿದವರಿದ್ದರು. ಅದರ ಹೊಗೆಗೆ ಯಾವ ಮೀಟರೂ ಇಲ್ಲ.

ಇದನ್ನೆಲ್ಲ ಓದಿ ಮುಗಿಸಿದ ದಿನ ನಮ್ಮ ಮನೆಯಾಕೆಗೆ ಹೇಳಿದೆನು. ಆಕೆಯು ಅಂಗಳದ ತುಳಸಿಗೆ ನೀರೆರೆಯುತ್ತ, “ಅವರ ಊರಿನಲ್ಲಿ ಬಿಸಿಲಿಲ್ಲವೇ?” ಎಂದು ಕೇಳಿದಳು. ಉಂಟು, ಕ್ಯಾಲಿಫೋರ್ನಿಯದಲ್ಲಿ ಧಾರಾಳವಾಗಿಯೇ ಉಂಟು. ಬಿಸಿಲಿನ ಸೀಮೆಯಲ್ಲಿ ಬೆಳೆದುದನ್ನು ಹಿಮದ ಸೀಮೆಗೆ ಒಯ್ಯಲು ಒಂದು ಕಾನೂನು ಬಿಡದು; ಹಿಮದ ಸೀಮೆಯಲ್ಲಿ ಉರಿಯುವ ದೀಪಕ್ಕೆ ಮತ್ತೊಂದು ಕಾನೂನು ಮಿತಿ ಹಾಕುವುದು. ಮೊದಲನೆಯದನ್ನು ಸರಿಪಡಿಸದೆ ಎರಡನೆಯದನ್ನು ಎಷ್ಟು ಬಿಗಿದರೂ ದೀಪವು ಆರಲಾರದೆಂದು ನನಗೆ ತೋರುತ್ತದೆ.