ಇತಿಹಾಸದ ವಿದ್ಯಾರ್ಥಿಯೂ ಅರಬ್ಬೀ ವ್ಯಾಸಂಗದ ಎರಡನೆಯ ಮೆಟ್ಟಿಲೂ

ಕರ್ನಾಟಕದ ಮಧ್ಯಯುಗದ ಇತಿಹಾಸವನ್ನು ಅಭ್ಯಸಿಸುವವನಿಗೆ ಸಂಸ್ಕೃತ ಮತ್ತು ಹಳಗನ್ನಡಗಳ ಜೊತೆಗೆ ಪಾರಸಿಯೂ ಬೇಕೆಂಬುದನ್ನು ಈಗ ಯಾರೂ ಅಲ್ಲಗಳೆಯುವುದಿಲ್ಲ. ಆದರೆ ಅರಬ್ಬೀ ಏತಕ್ಕೆ ಎಂಬ ಪ್ರಶ್ನೆಯನ್ನು ವಿದ್ಯಾರ್ಥಿಗಳು ಮಾತ್ರವಲ್ಲ, ಅಧ್ಯಾಪಕರೂ ಕೇಳುವುದುಂಟು. ಬಹಮನಿ ಮತ್ತು ಆದಿಲಶಾಹಿ ದರಬಾರುಗಳ ಭಾಷೆ ಪಾರಸಿಯಾಗಿತ್ತು. ಆದ್ದರಿಂದ ಅರಬ್ಬಿಯ ಅಕ್ಷರಗಳನ್ನು ಗುರುತಿಸುವಷ್ಟು ಕಲಿತರೆ ಸಾಕು ಎಂಬುದು ಸಾಮಾನ್ಯ ಅಭಿಪ್ರಾಯ. ಈ ಅಭಿಪ್ರಾಯದ ಪರಿಣಾಮವಾಗಿ ಮೊದಲ ವರ್ಷ ಲಿಪಿಯನ್ನು ಕಲಿತವರಲ್ಲಿ ಹೆಚ್ಚಿನವರು ಎರಡನೆಯ ವರ್ಷಕ್ಕೆ ಬರುವುದಿಲ್ಲ. ಆದರೆ ಲಿಪಿ ಬಂದಮಾತ್ರಕ್ಕೆ ಅರಬ್ಬಿಯನ್ನು ಓದಲು ಬರುವುದಿಲ್ಲವೆಂಬುದೇ ಈ ಭಾಷೆಯ ವೈಶಿಷ್ಟ್ಯ. ಮಧ್ಯಮ ತರಗತಿಯಲ್ಲಿ ವಸ್ತುತಃ ಏನನ್ನು ಕಲಿಯಬೇಕಾಗುತ್ತದೆ, ಅದರಿಂದ ನಮ್ಮ ಸಂಶೋಧನೆಗೆ ಒದಗುವ ಪ್ರಯೋಜನವೇನು ಎಂಬುದನ್ನು ಇಲ್ಲಿ ವಿವರಿಸಲು ಯತ್ನಿಸಿದೆ.

ಅರಬ್ಬೀ ಬರವಣಿಗೆಯಲ್ಲಿ ವ್ಯಂಜನಗಳೂ ದೀರ್ಘಸ್ವರಗಳೂ ಮಾತ್ರ ಕಾಣಿಸುತ್ತವೆ. ಹ್ರಸ್ವಸ್ವರಗಳನ್ನು ಓದುವವನೇ ತುಂಬಿಕೊಳ್ಳಬೇಕು. ಮೀಮ್, ಲಾಮ್, ಕಾಫ್ ಎಂಬ ಮೂರು ಅಕ್ಷರಗಳನ್ನು ಒಟ್ಟಿಗೆ ಬರೆದರೆ ಅದು 'ಮಲಿಕ್' ಆಗಿ ಅರಸನೆಂಬ ಅರ್ಥವನ್ನು ಕೊಡಬಹುದು. 'ಮುಲ್ಕ್' ಆಗಿ ರಾಜ್ಯವೆಂಬ ಅರ್ಥವನ್ನು, 'ಮಿಲ್ಕ್' ಆಗಿ ಸ್ವತ್ತು ಎಂಬ ಅರ್ಥವನ್ನು, 'ಮಲಕ್' ಆಗಿ ದೇವದೂತನೆಂಬ ಅರ್ಥವನ್ನು ಕೊಡಬಹುದು. ಒಂದು ದಾನಶಾಸನದಲ್ಲಿ ಈ ಮೂರು ಅಕ್ಷರಗಳು ಬಂದರೆ ಅಲ್ಲಿ ಹೇಳಿರುವುದು ದೊರೆಯ ವಿಷಯವೋ ಜಮೀನಿನ ಒಡೆತನದ ವಿಷಯವೋ ಎಂಬುದನ್ನು ವಾಕ್ಯರಚನೆಯ ಬಲದಿಂದಲೇ ನಿರ್ಣಯಿಸಬೇಕು. ಅಕ್ಷರಜ್ಞಾನ ಇಲ್ಲಿ ನಿರುಪಯೋಗಿ. ಉತ್ತರ ಕರ್ನಾಟಕದ ಜನ ಆಸ್ತಿಗೆ 'ಮಿಳಕತ್ತು' ಎನ್ನುತ್ತಾರೆ, ಹೊಲದ ಒಡೆಯನಿಗೆ 'ಮಾಲೀಕ' ಎನ್ನುತ್ತಾರೆ. ಇವೆರಡೂ ಅದೇ ಧಾತುವಿನವು.

ಧಾತು ಎಂದೊಡನೆ ಸಂಸ್ಕೃತವನ್ನು ಬಲ್ಲ ವಿದ್ಯಾರ್ಥಿಗೆ ಧೈರ್ಯ ಬರುವುದು ಸಹಜ. ಆದರೆ ಸಂಸ್ಕೃತದಲ್ಲಿ ಧಾತುವಿಗೆ ಪ್ರತ್ಯಯಗಳು ಹಿಂದೆ ಮುಂದೆ ಸೇರಿದರೆ, ಅರಬ್ಬಿಯಲ್ಲಿ ಸಾಮಾನ್ಯವಾಗಿ ಮೂರು ವ್ಯಂಜನಗಳ ಧಾತುವಿನ ಒಳಗೇ ಸ್ವರಗಳು ಬದಲಾಗುತ್ತವೆ. ಒಂದೊಂದು ಧಾತುವಿಗೂ ಹತ್ತು ಪ್ರಮುಖ ಕ್ರಿಯಾರೂಪಗಳು ಸಾಧ್ಯ. ಪ್ರತಿಯೊಂದಕ್ಕೂ ತನ್ನದೇ ಕರ್ತೃವಾಚಕ, ಕರ್ಮವಾಚಕ ಮತ್ತು ಭಾವನಾಮಗಳಿವೆ. ಮಧ್ಯಮ ತರಗತಿಯ ತಿರುಳು ಈ ಹತ್ತು ರೂಪಗಳೇ. ವಿದ್ಯಾರ್ಥಿಗಳು ಎದೆಗುಂದುವುದೂ ಇಲ್ಲಿಯೇ. ಕನ್ನಡಿಗರಿಗೆ ಇಲ್ಲಿ ಒಂದು ಅನುಕೂಲವಿದ್ದರೂ ಅದನ್ನು ಅಧ್ಯಾಪಕರು ಸಾಲದಷ್ಟೇ ಬಳಸಿಕೊಂಡಿದ್ದಾರೆಂದು ಹೇಳಬೇಕಾಗಿದೆ. ಪಾರಸಿ ಮತ್ತು ಮರಾಠಿಗಳ ಮೂಲಕ ನಮ್ಮ ಕಂದಾಯ ಮತ್ತು ನ್ಯಾಯಾಲಯಗಳ ಭಾಷೆಗೆ ಬಂದಿರುವ ಶಬ್ದಗಳಲ್ಲಿ ಈ ರೂಪಗಳು ಬಹುಮಟ್ಟಿಗೆ ಆಗಲೇ ಅಡಗಿವೆ.

ತುಂಗಭದ್ರೆಯ ದಂಡೆಯ ಹಮ್ಮಿಗಿಯನ್ನೇ ತೆಗೆದುಕೊಳ್ಳೋಣ. ಅಲ್ಲಿಯ ರೈತ 'ಫಸಲು' ಎಂದಾಗ ಅವನು ಫೆ, ಸಾದ್, ಲಾಮ್ ಎಂಬ ಧಾತುವನ್ನು ಉಚ್ಚರಿಸುತ್ತಾನೆ. ಬೇರ್ಪಡಿಸು, ಕತ್ತರಿಸು ಎಂಬುದು ಅದರ ಮೂಲಾರ್ಥ; ವರ್ಷದಿಂದ ಬೇರ್ಪಟ್ಟ ಕಾಲ ಋತುವಾಗಿ, ಆ ಋತುವಿನ ಬೆಳೆ ಫಸಲಾಯಿತು. ಅದೇ ಧಾತುವಿನ ಎರಡನೆಯ ರೂಪದ ಭಾವನಾಮ 'ತಫ್ಸೀಲ್'. ಬಿಡಿಬಿಡಿಯಾಗಿ ಹೇಳಿದ ವಿವರ. ಕರಣಿಕನ ಲೆಕ್ಕದಲ್ಲಿ ಅದು 'ತಪಸೀಲು' ಆಗಿದೆ. ನ್ಯಾಯಾನ್ಯಾಯಗಳನ್ನು ಬೇರ್ಪಡಿಸಿ ಕೊಡುವ ತೀರ್ಪು 'ಫೈಸಲು'. ಹೊಲ, ದಫ್ತರ, ನ್ಯಾಯಾಲಯ ಈ ಮೂರರ ಶಬ್ದಗಳೂ ಒಂದೇ ಬೇರಿನಿಂದ ಹುಟ್ಟಿವೆ. ಹಾಗೆಯೇ ಹೆ, ಸಾದ್, ಲಾಮ್ ಎಂಬ ಧಾತುವಿನಿಂದ 'ಹಾಸಿಲು', 'ಮಹಸೂಲು', 'ತಹಸೀಲು' ಎಂಬ ಮೂರು ಬಂದಿವೆ. ಮೊದಲನೆಯದು ಕರ್ತೃವಾಚಕ, ಎರಡನೆಯದು ಕರ್ಮವಾಚಕ, ಮೂರನೆಯದು ಎರಡನೆಯ ರೂಪದ ಭಾವನಾಮ. ತಪಸೀಲು, ತಹಸೀಲು, ತಾಕೀದು, ತಜವೀಜು, ತಸ್ವೀರು, ಇವುಗಳ ಎರಕ ಒಂದೇ. ಮುಂಬಯಿ ಕರ್ನಾಟಕದಲ್ಲಿ ರೂಢಿಯಲ್ಲಿದ್ದ 'ಮಾಮಲೇದಾರ' ಎಂಬುದರ ಪೂರ್ವಪದ ಮೂರನೆಯ ರೂಪದ್ದು, 'ಇನಾಮು' ನಾಲ್ಕನೆಯದು, 'ತಾಲೂಕು' ಐದನೆಯದು, 'ಇಸ್ತಿಹಾರ' ಎಂಟನೆಯದು. ಇಷ್ಟು ಸಾಮಗ್ರಿ ಮನೆಯಲ್ಲಿಯೇ ಇರುವಾಗ ಪಠ್ಯಪುಸ್ತಕದ ನಿರ್ಜೀವ ಉದಾಹರಣೆಗಳನ್ನು ಕಂಠಪಾಠ ಮಾಡಿಸುವುದು ವ್ಯರ್ಥ ಶ್ರಮವೆಂದೇ ನನ್ನ ಮತ.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಎರವಲು ಶಬ್ದದ ಅರ್ಥ ಮೂಲದ ಅರ್ಥವೇ ಆಗಿರಬೇಕೆಂದಿಲ್ಲ. ಹಮ್ಮಿಗಿಯ ಕೆಂಚನಗೌಡನು ಮುಂಡರಗಿಯ ಭೀಮರಾಯನೊಡನೆ 1858ರಲ್ಲಿ ಬ್ರಿಟಿಷರ ವಿರುದ್ಧ ಎದ್ದು ಕೊಪ್ಪಳದ ಕೋಟೆಯಲ್ಲಿ ಮಡಿದ ಸಂಗತಿ ಸುವಿದಿತವಾಗಿದೆ. ಅಂಥ ಪ್ರಸಂಗಗಳಿಗೆ ಹಳೆಯ ದಫ್ತರಗಳಲ್ಲಿ 'ಫಿತೂರಿ' ಎಂಬ ಶಬ್ದ ಬಳಕೆಯಲ್ಲಿತ್ತು. ಅರಬ್ಬಿಯಲ್ಲಿ 'ಫುತೂರ್' ಎಂದರೆ ಶೈಥಿಲ್ಯ, ದಣಿವು. ಆಳುವವರ ಹಿಡಿತ ಸಡಿಲಾದುದನ್ನು ಸೂಚಿಸುವ ಶಬ್ದವು ಆಳಿಸಿಕೊಳ್ಳುವವರ ಅಪರಾಧದ ಹೆಸರಾಗಿ ಮಾರ್ಪಟ್ಟಂತೆ ತೋರುತ್ತದೆ. ಆ ಬಂಡಾಯದ ಕಾರಣಗಳಲ್ಲೊಂದಾದ ಆಯುಧಗಳ 'ಜಪ್ತಿ'ಯೂ ಅರಬ್ಬೀ ಶಬ್ದವೇ; ಮೂಲದಲ್ಲಿ ಅದು 'ದಬ್ತ್', ಬಿಗಿಹಿಡಿಯುವುದು.

ಈ ಶಬ್ದದ ಮೊದಲ ಅಕ್ಷರವು 'ದಾದ್'. ಕನ್ನಡದ 'ಜ'ಕಾರವೊಂದರಲ್ಲೇ ಅರಬ್ಬಿಯ ಐದು ಬೇರೆ ಬೇರೆ ಅಕ್ಷರಗಳು ಕರಗಿಹೋಗಿವೆ: 'ಜವಾಬು' ಶಬ್ದದಲ್ಲಿ ಜೀಮ್, 'ಜಾಸ್ತಿ'ಯಲ್ಲಿ ಝಾಯ್, 'ಜಿಮ್ಮೆ'ಯಲ್ಲಿ ಧಾಲ್, 'ಜಪ್ತಿ'ಯಲ್ಲಿ ದಾದ್, 'ಜುಲುಮೆ'ಯಲ್ಲಿ ಝಾ. ಅರಬ್ಬೀ ನಿಘಂಟುಗಳಲ್ಲಿ ಹೆಚ್ಚಿನವು ಶಬ್ದದ ಮೊದಲಕ್ಷರವನ್ನಲ್ಲ, ಧಾತುವನ್ನು ಅನುಸರಿಸುತ್ತವೆ. ಹಾನ್ಸ್ ವೇರ್ ಎಂಬ ಜರ್ಮನ್ ವಿದ್ವಾಂಸನ ಕೋಶ (1952; ಇಂಗ್ಲಿಷ್ ಆವೃತ್ತಿ 1961) ಜಗತ್ತಿನ ವಿಶ್ವವಿದ್ಯಾಲಯಗಳಲ್ಲೆಲ್ಲ ಬಳಕೆಯಲ್ಲಿದೆ. 'ತಹಸೀಲು' ಶಬ್ದವನ್ನು ಅದರಲ್ಲಿ ತಕಾರದ ಕೆಳಗೆ ಹುಡುಕುವವನು ಬರಿಗೈಯಲ್ಲಿ ಹಿಂತಿರುಗುತ್ತಾನೆ. ನಿಘಂಟನ್ನು ತೆರೆಯಬಲ್ಲವನಾಗುವುದೇ ಮಧ್ಯಮ ತರಗತಿಯ ತೇರ್ಗಡೆ ಎಂದರೂ ಸಲ್ಲುತ್ತದೆ.

ಇನ್ನು ಶಾಸನಗಳು. ಬೀದರಿನ ಮಹಮೂದ ಗವಾನನ ಮದರಸೆಯ (1472) ಹೆಂಚುಗಳ ಮೇಲಿರುವುದೂ, ವಿಜಾಪುರದ ಇಬ್ರಾಹಿಂ ರೋಜಾದ ಗೋಡೆಗಳನ್ನು ತುಂಬಿರುವುದೂ ಬಹುಮಟ್ಟಿಗೆ ಕುರಾನಿನ ಅರಬ್ಬಿ. ವಿಜಾಪುರದ ಶಾಸನಗಳನ್ನು ಎಂ. ನಾಜಿಮರು 1936ರಲ್ಲಿ ಪುರಾತತ್ತ್ವ ಇಲಾಖೆಯ ಗ್ರಂಥವಾಗಿ ಹೊರತಂದರು. ಬೀದರಿನವುಗಳನ್ನು ಗುಲಾಂ ಯಜ್ದಾನಿಯವರು 1947ರ ಗ್ರಂಥದಲ್ಲಿ ಸೇರಿಸಿದರು. ವಿದ್ಯಾರ್ಥಿಯು ಛಾಯಾಪ್ರತಿಯನ್ನು ಮುಂದಿಟ್ಟುಕೊಂಡು ತಾನೇ ಓದಿ, ಅನಂತರ ಇವರ ಪಾಠದೊಡನೆ ಹೋಲಿಸಿನೋಡುವುದಕ್ಕಿಂತ ಉತ್ತಮ ಅಭ್ಯಾಸ ಬೇರೊಂದಿಲ್ಲ.

ಪಾರಸಿಯೇ ಸಾಕೆನ್ನುವವರಿಗೆ ಗೋಳಗುಮ್ಮಟದ ದಕ್ಷಿಣದ ಬಾಗಿಲಿನ ಮೇಲಿನ ಬರಹ ಒಳ್ಳೆಯ ಉತ್ತರ. ಮಹಮ್ಮದ ಆದಿಲಶಹನ ಮರಣವರ್ಷವನ್ನು ಸೂಚಿಸುವ ಅಲ್ಲಿಯ ವಾಕ್ಯಗಳಲ್ಲೊಂದು 'ಆಕಿಬತ್-ಇ-ಮುಹಮ್ಮದ್ ಮಹಮೂದ್ ಶುದ್'. ಮುಹಮ್ಮದನ ಅಂತ್ಯವು ಸ್ತುತ್ಯವಾಯಿತು ಎಂದರ್ಥ. ಕೊನೆಯ ಕ್ರಿಯಾಪದವೂ ವಾಕ್ಯದ ಕಟ್ಟೂ ಮಾತ್ರ ಪಾರಸಿ. ಉಳಿದ ಮೂರು ಶಬ್ದಗಳೂ ಅರಬ್ಬಿ. ಅಬ್ಜದ್ ಎಂಬ ಗಣನೆಯ ಪ್ರಕಾರ ಅರಬ್ಬೀ ಅಕ್ಷರಗಳಿಗೆ ಸಂಖ್ಯೆಗಳಿವೆ. ಆಕಿಬತ್: 70, 1, 100, 2, 400, ಒಟ್ಟು 573. ಮುಹಮ್ಮದ್: 40, 8, 40, 4, ಒಟ್ಟು 92. ಮಹಮೂದ್: 40, 8, 40, 6, 4, ಒಟ್ಟು 98. ಶುದ್: 300, 4, ಒಟ್ಟು 304. ಎಲ್ಲ ಸೇರಿ 1067. ಇದು ಹಿಜರಿ ವರ್ಷ, ಎಂದರೆ ಕ್ರಿ.ಶ. 1656. ಮುಹಮ್ಮದ್ ಶಬ್ದದಲ್ಲಿ ಮಕಾರಕ್ಕೆ ದ್ವಿತ್ವವಿದ್ದರೂ ಬರವಣಿಗೆಯಲ್ಲಿ ಅದು ಒಂದೇ ಅಕ್ಷರ. ಉಚ್ಚಾರವನ್ನು ನಂಬಿ ಎರಡು ಸಲ ಎಣಿಸಿದವನ ಲೆಕ್ಕದಲ್ಲಿ ನಲವತ್ತು ವರ್ಷಗಳ ದೋಷ ಬರುತ್ತದೆ. ಮುಹಮ್ಮದ್ ಮತ್ತು ಮಹಮೂದ್ ಎರಡೂ ಸ್ತುತಿಸು ಎಂಬ ಒಂದೇ ಧಾತುವಿನ ಕರ್ಮವಾಚಕಗಳು, ಮೊದಲನೆಯದು ಎರಡನೆಯ ರೂಪದ್ದು, ಎರಡನೆಯದು ಮೊದಲನೆಯ ರೂಪದ್ದು. ದೊರೆಯ ಹೆಸರಿನ ಮೇಲೆ ಹೂಡಿರುವ ಈ ಶ್ಲೇಷೆ ಹತ್ತು ರೂಪಗಳನ್ನು ಕಲಿಯದವನ ಕಣ್ಣಿಗೆ ಬೀಳುವಂತಿಲ್ಲ.

ಕರಾವಳಿಯ ಇತಿಹಾಸಕ್ಕಂತೂ ಅರಬ್ಬಿ ನೇರವಾದ ಆಕರಭಾಷೆ. ಹನ್ನೆರಡನೆಯ ಶತಮಾನದಲ್ಲಿ ಮಂಗಳೂರಿನಲ್ಲಿ ನೆಲೆಸಿದ್ದ ಯಹೂದಿ ವರ್ತಕ ಅಬ್ರಹಾಂ ಬೆನ್ ಯಿಜುವಿನ ಪತ್ರಗಳು ಕೈರೋದ ಗೆನೀಜಾ ಸಂಗ್ರಹದಲ್ಲಿ ದೊರೆತಿವೆ. ಅವುಗಳ ಲಿಪಿ ಹೀಬ್ರೂ, ಭಾಷೆ ಅರಬ್ಬಿ. ಅವನ ಸೇವಕ ಬೊಮ್ಮನ ಹೆಸರು ನಮಗೆ ತಿಳಿದುಬಂದಿರುವುದು ಈ ಕಾಗದಗಳಿಂದಲೇ. ಎರಡು ಶತಮಾನಗಳ ತರುವಾಯ ಹೊನ್ನಾವರಕ್ಕೆ ಬಂದ ಇಬ್ನ್ ಬತೂತನು ಅಲ್ಲಿ ಹುಡುಗಿಯರಿಗೆ 13, ಹುಡುಗರಿಗೆ 23 ಶಾಲೆಗಳನ್ನು ಕಂಡುದಾಗಿ ಬರೆದಿದ್ದಾನೆ. ಡೆಫ್ರೆಮೆರಿ ಮತ್ತು ಸಾಂಗಿನೆಟ್ಟಿ ಎಂಬ ಫ್ರೆಂಚ್ ವಿದ್ವಾಂಸರು 1853ರಿಂದ 1858ರವರೆಗೆ ನಾಲ್ಕು ಸಂಪುಟಗಳಲ್ಲಿ ಮುದ್ರಿಸಿದ ಮೂಲದಲ್ಲಿ ಈ ಭಾಗ ಕೆಲವೇ ಪಂಕ್ತಿಗಳದು. ಎರಡನೆಯ ವರ್ಷದ ಕೊನೆಯ ಪಾಠವಾಗಿ ಇದನ್ನೇ ಇಡಬಹುದು. ಗದ್ಯ ಸರಳವಾಗಿದೆ, ತೊಡಕಿರುವುದು ಸಂಖ್ಯೆಗಳಲ್ಲಿ. ಅರಬ್ಬಿಯಲ್ಲಿ ಮೂರರಿಂದ ಹತ್ತರವರೆಗಿನ ಸಂಖ್ಯಾವಾಚಕಗಳು ಎಣಿಸುವ ವಸ್ತು ಪುಲ್ಲಿಂಗವಾದರೆ ಸ್ತ್ರೀಲಿಂಗರೂಪವನ್ನೂ, ಸ್ತ್ರೀಲಿಂಗವಾದರೆ ಪುಲ್ಲಿಂಗರೂಪವನ್ನೂ ತಾಳುತ್ತವೆ. ಹದಿಮೂರರಲ್ಲಿ ಮೂರು ಈ ವಿಪರೀತ ನಿಯಮವನ್ನು ಅನುಸರಿಸಿದರೆ ಹತ್ತು ಅನುಸರಿಸುವುದಿಲ್ಲ. ಎಣಿಸಿದ ವಸ್ತುವಂತೂ ಏಕವಚನದಲ್ಲಿ, ದ್ವಿತೀಯಾ ವಿಭಕ್ತಿಯಲ್ಲಿ ನಿಲ್ಲುತ್ತದೆ. ಇಪ್ಪತ್ತಮೂರರಲ್ಲಿ ಇಪ್ಪತ್ತಕ್ಕೆ ಲಿಂಗಭೇದವೇ ಇಲ್ಲ. ಈ ನಿಯಮಗಳನ್ನು ಕೋಷ್ಟಕದಲ್ಲಿ ಕಲಿಯಲು ಹೊರಟವರು ತಿಂಗಳುಗಟ್ಟಲೆ ತಡವರಿಸುತ್ತಾರೆ; ಹೊನ್ನಾವರದ ಶಾಲೆಗಳನ್ನು ಮೂಲದಲ್ಲಿ ಒಮ್ಮೆ ಎಣಿಸಿದವರಿಗೆ ಅವು ನೆನಪಿನಲ್ಲಿ ಉಳಿಯುತ್ತವೆ.